ಅರೆಗಳಿಗೆ ಹಿಂದೆ

ದೆವ್ವ ಬೇಡ, ಮೊದಲ ಪುಟದಲ್ಲೇ ಬರೆದುಕೊಂಡೆ.
ನೆಲಮಾಳಿಗೆ ಬೇಡ. ರಕ್ತ ಬೇಡ.
ತಾನಾಗಿ ತೆರೆದುಕೊಳ್ಳುವ ಬಾಗಿಲಿಗೆ
ಈ ವೂಚ್ ಪಟ್ಟಣದಲ್ಲಿ ಯಾರೂ ಹೆದರುವುದಿಲ್ಲ.
ನಮ್ಮ ವಠಾರದ ಕೆಳಗೆ ಟ್ರಾಮ್ ಹೋದಾಗೆಲ್ಲ
ಕಪಾಟುಗಳು ತಾವೇ ಬಾಯಿ ಬಿಡುತ್ತವೆ.
ತಂಗಿ ಗ್ರಾಜಿನಾ ಮೊಣಕೈಯಲ್ಲಿ ನೂಕಿ ಮುಚ್ಚುತ್ತಾಳೆ,
ಪೋಲೆಂಡಿನ ಎಲ್ಲ ಬಡಗಿಗಳನ್ನೂ ಬೈಯುತ್ತ,
ಆಲೂಗಡ್ಡೆ ಸುಲಿಯುತ್ತ.

ಹಾಗಾದರೆ ಭಯ ಎಲ್ಲಿಂದ ಬರಬೇಕು?

ಒಬ್ಬ ಮನುಷ್ಯನಿಂದ. ಹೆಸರು ಝೆನೋನ್ ಎಂದಿಟ್ಟೆ.
ಕೆಲಸ, ಟೀವಿಯಲ್ಲಿ ಪರದೇಶದ ಚಿತ್ರಗಳಿಗೆ
ನಮ್ಮ ಭಾಷೆಯ ಮಾತು ಓದುವುದು.
ನಮ್ಮಲ್ಲಿ ಎಲ್ಲರ ಪಾಲನ್ನೂ ಒಬ್ಬನೇ ಓದುತ್ತಾನಲ್ಲ:
ಗಂಡ, ಹೆಂಡತಿ, ಕೊಲೆಗಾರ, ಕೂಸು,
ಒಂದೇ ಗಂಟಲು, ಏರಿಲ್ಲ ಇಳಿವಿಲ್ಲ,
ಹಾಲಿನ ದರ ಓದಿದ ಹಾಗೆ.
ಆ ದನಿಯ ಅಡಿಯಲ್ಲಿ ಪರದೇಶದವರು
ಸಣ್ಣಗೆ ಅಳುತ್ತಿರುತ್ತಾರೆ,
ಗೋಡೆಯಾಚೆ ಬಿಡಾರದವರ ಹಾಗೆ.
ಅವನು ಅರೆಗಳಿಗೆ ಹಿಂದೆ ಬರುತ್ತಾನೆ.
ಯಾವಾಗಲೂ ಹಿಂದೆ.

ಇಪ್ಪತ್ತೆಂಟು ವರ್ಷ ಓದಿದ ಮೇಲೆ, ಒಂದು ಫೆಬ್ರವರಿ ಸಂಜೆ
(ಫೆಬ್ರವರಿಯೋ ನವೆಂಬರೋ, ಆಮೇಲೆ ನೋಡೋಣ)
ಹೆಂಡತಿ ಕೇಳುತ್ತಾಳೆ, ಸೂಪಿಗೆ ಉಪ್ಪು ಸಾಕೇ?
ಅರೆಗಳಿಗೆ ಬಿಟ್ಟು ಅವನ ಕಿವಿಯೊಳಗೆ
ಅವನದೇ ದನಿ:
ಸೂಪಿಗೆ ಉಪ್ಪು ಸಾಕೇ.

ಇಷ್ಟೇ ಬೀಜ.
ಮೂರು ವಾರ ತಪ್ಪು ಮಡಿಯಲ್ಲಿ ನೆಟ್ಟೆ.
ವೈದ್ಯರು ಬಂದರು, ಮಾತ್ರೆ ಬಂತು,
ಕನ್ನಡಿ ಒಡೆಯಿತು, ಅವನು ಚೀರಿದ.
ಚೀರಿದ್ದನ್ನು ಓದಿ ನನಗೇ ಆಕಳಿಕೆ.
ಹರಿದು ಒಲೆಗೆ ಹಾಕಿದೆ.

ಗ್ರಾಜಿನಾ ಒಂದು ಬೆಳಗ್ಗೆ ನನ್ನ ಹೆಗಲ ಮೇಲಿಂದ ಬಗ್ಗಿ ಅಂದಳು:
"ಇವನು ಯಾಕೆ ಹೆದರಬೇಕು? ಇವನಿಗೆ ಆರಾಮವೇ ಅಲ್ಲವೇ?"

ಅಲ್ಲಿಂದ ಕಥೆ ಕವಲೊಡೆಯಿತು.
ಹೌದು, ಅವನಿಗೆ ಹಿತ.
ಹೆಂಡತಿಯ ಸಿಟ್ಟು ಈಗ ಚುಚ್ಚುವುದಿಲ್ಲ.
ಮಗಳು ಮನೆ ಬಿಡುವಾಗ ಆಡಿದ್ದು
ಹವಾಮಾನದ ವರದಿ.
ಯಾರು ಏನೇ ಅಂದರೂ ಮೊದಲು ಕಾಯುತ್ತಾನೆ,
ತನ್ನ ದನಿ ಬಂದ ಮೇಲೆ ತಲೆಯಾಡಿಸುತ್ತಾನೆ.
ದಿನ ಕಳೆದಂತೆ ಅಡಿಯ ದನಿ ತಗ್ಗುತ್ತದೆ, ತಗ್ಗುತ್ತದೆ.
ಆಸ್ಪತ್ರೆಯ ಮಂಚದಲ್ಲಿ ಹೆಂಡತಿಯ ತುಟಿ ಅಲುಗುತ್ತದೆ.
ಅವನಿಗೆ ಕೇಳಿದ್ದು: ಹೋಗಬೇಡ.
ಅಂದವರು ಯಾರು?
ಮಣ್ಣು ಮಾಡಿ ಬಂದು, ಬೂಟು ಬಿಚ್ಚದೆ,
ಅವಳ ದನಿ ನೆನೆಯಲು ಕೂತರೆ
ನೆನಪಿನ ಉಗ್ರಾಣದ ತುಂಬ ಅವನೊಬ್ಬನೇ,
ಹೆಂಗಸಿನ ಮಾತು ಓದುತ್ತಿದ್ದಾನೆ.

ಬರೆದು ಪೆನ್ನು ಕೆಳಗಿಟ್ಟೆ. ಕೈ ತಣ್ಣಗಿತ್ತು.
ರಾತ್ರಿ ಊಟಕ್ಕೆ ಕೂತಾಗ ತಂಗಿಗೆ ಹೇಳಿದೆ,
ನಿನ್ನ ಒಂದು ಮಾತಿನಿಂದ ಕಥೆ ಉಳಿಯಿತು ಕಣೇ.
ಅವಳು ಚಮಚ ತಡೆದಳು.
"ಯಾವ ಮಾತು?
ಈಸ್ಟರಿನಲ್ಲಿ ಕನ್ನಡಕ ಒಡೆದ ಮೇಲೆ
ನಾನು ನಿನ್ನದೊಂದು ಅಕ್ಷರ ಓದಿಲ್ಲ."

ನೋಟ್‌ಬುಕ್ಕಿನಲ್ಲಿ ಹುಡುಕಿದೆ. ಇತ್ತು,
ಉದ್ಧರಣ ಚಿಹ್ನೆಯ ಸಮೇತ,
ನನ್ನ ಅಕ್ಷರದಲ್ಲಿ.
ಮತ್ತೆ ಯಾರ ಅಕ್ಷರದಲ್ಲಿ ಇರಬೇಕಿತ್ತು?

ಹತ್ತೂವರೆಯ ಟ್ರಾಮ್ ಈಗ ಹೋಯಿತು.
ಕಪಾಟು ಬಾಯಿ ಬಿಟ್ಟಿದೆ.
ಗ್ರಾಜಿನಾಳ ಮೊಣಕೈ ಏಳುವುದು ಕಂಡಿತು,
ತುಟಿ ಅಲುಗಿದ್ದೂ ಕಂಡಿತು.

ಬೈಗುಳ ಬರಲೆಂದು ಕಾಯುತ್ತಿದ್ದೇನೆ.