ಮೂರು ಹೊಲಿಗೆ

ಅಜ್ಮಾನಿನ ಮೀನು ಸೂಕಿನಲ್ಲಿ ಹದಿನೇಳನೇ ಕಟ್ಟೆ ನನ್ನದು.
ನೀಲಿ ಏಪ್ರನ್ನು, ರಬ್ಬರ್ ಬೂಟು, ಎರಡು ಚೂರಿ, ಒಂದು ಕತ್ತಿ.
ಯಾರೋ ಹಿಡಿದದ್ದು, ಯಾರೋ ಕೊಂಡದ್ದು,
ನಡುವೆ ನಿಂತು ಕೊಯ್ಯುವವ ನಾನು.

ಮಂಗಳವಾರ ಒಂದು ತಾಟೆ ಬಂತು, ನನ್ನ ತೋಳಿನಷ್ಟುದ್ದ.
ಸತ್ತು ನಾಲ್ಕು ತಾಸಾಗಿತ್ತು, ಮೈತುಂಬ ಐಸು.
ಮುದುಕ ಖಲ್ಫಾನ್ ಜಶೀದ್ ಮಾಡಿಸಲೆಂದು ಆರಿಸಿದ್ದು.
ತಲೆ ಬೇರೆ ಮಾಡುವಾಗ ಕೈ ಜಾರಿ
ಹೆಬ್ಬೆರಳು ಅದರ ಬಾಯೊಳಗೆ ಹೋಯಿತು.
ಮೂರು ಹೊಲಿಗೆ, ಒಂದು ಇಂಜೆಕ್ಷನ್.
ಖಲ್ಫಾನ್ ನಕ್ಕ: ಸತ್ತ ಮೇಲೂ ಬಾಕಿ ವಸೂಲಿ ಮಾಡಿತಲ್ಲ!

ರೂಮಿನ ಹುಡುಗ, ಭಟ್ಕಳದ ಮುಸಯ್ಯಿಬ್,
ಬೆರಳನ್ನೂ ಆ ತಲೆಯನ್ನೂ ಅಕ್ಕಪಕ್ಕ ಇಟ್ಟು ಫೋಟೋ ತೆಗೆದ.
ಫೋಟೋ ಗ್ರೂಪಿಗೆ ಹೋಯಿತು, ಗ್ರೂಪಿನಿಂದ ಗ್ರೂಪಿಗೆ,
ಯಾರದೋ ಭಾವನಿಗೆ, ಭಾವನಿಂದ ಚಾನೆಲ್ಲಿಗೆ.

ರಾತ್ರಿ ಒಂಬತ್ತಕ್ಕೆ ಕೆಂಪು ಪಟ್ಟಿ ಓಡಿತು:
ಗಲ್ಫಿನಲ್ಲಿ ಕನ್ನಡಿಗನ ಮೇಲೆ ಶಾರ್ಕ್ ದಾಳಿ!
ತೋರಿಸಿದ್ದು ಯಾವುದೋ ತಣ್ಣನೆ ಕಡಲು,
ಲಾರಿಯಷ್ಟು ದೊಡ್ಡ ಬಿಳಿಹೊಟ್ಟೆಯ ಮೀನು,
ಅದು ನೀರಿಂದ ಹಾರುತ್ತದೆ, ಮತ್ತೆ ಹಾರುತ್ತದೆ, ಅದೇ ಮೀನು,
ಹದಿನಾಲ್ಕು ಸಲ.

ಕೋಟಿನವನು ಗುಡುಗಿದ:
'ಹೋದ ವರ್ಷ ಸೊನ್ನೆ! ಈ ವರ್ಷ ಒಂದು!
ಹೀಗೇ ಏರಿದರೆ ನಮ್ಮವರ ಗತಿ?'
ನಕ್ಷೆಯ ಗೆರೆ ತೆಂಗಿನ ಮರ ಹತ್ತಿತು.
'ಗಾಯಾಳು ನೀರಿನಿಂದ ಇನ್ನೂರು ಮೀಟರ್ ದೂರವಿದ್ದನಂತೆ,
ಅಂದರೆ ದಡದಲ್ಲೂ ಉಳಿಗಾಲವಿಲ್ಲವೇ?'
ತಜ್ಞರೊಬ್ಬರು ಹೌದೆಂದರು. ಅವರದು
ಬಣ್ಣದ ಮೀನು ಮಾರುವ ಅಂಗಡಿ.

ಕಾಗೆ ಕೂತಿತು, ತಾಳೆಹಣ್ಣು ಬಿತ್ತು:
ಶಾಲೆಯಲ್ಲಿ ನಮ್ಮ ಮೇಷ್ಟ್ರು ಹೇಳುತ್ತಿದ್ದರು.
ಇಲ್ಲಿ ಕಾಗೆ ಸತ್ತಿತ್ತು.
ಐಸಿನಲ್ಲಿತ್ತು.
ಎತ್ತಿ ಕೂರಿಸಿದ್ದು ನಾನೇ.

ಉಚ್ಚಿಲದಿಂದ ಅಮ್ಮನ ಫೋನು. ಹಿಂದೆ ಅರ್ಧ ಕೇರಿಯ ಸದ್ದು.
'ಕಾಲು ಉಂಟಾ ಮಗಾ?'
'ಎರಡೂ ಉಂಟು.'
'ತೋರಿಸು.'
ಬೂಟು ಬಿಚ್ಚಿ ಕ್ಯಾಮೆರಾದ ಮುಂದೆ ಹಿಡಿದೆ.
ಬೆರಳು ಹತ್ತನ್ನೂ ಎಣಿಸಿದಳು, ಹೆರಿಗೆಯ ದಿನ ಎಣಿಸಿದ ಹಾಗೆ.
ಸತ್ತ ಮೀನಮ್ಮ, ಎಂದೆ. ಕೈ ಜಾರಿದ್ದು, ಎಂದೆ.
'ಅಷ್ಟು ಜೋರಾಗಿ ಯಾರಾದರೂ ಸುಳ್ಳು ಹೇಳುತ್ತಾರಾ?'

ಅದೇ ಮಂಗಳವಾರ, ಮಧ್ಯಾಹ್ನ,
ಐಸು ಹೊರುವ ಅಪ್ಪಲನಾಯ್ಡು
ಜುರ್ಫಿನ ಹತ್ತಿರ ರಸ್ತೆ ದಾಟುತ್ತಿದ್ದ.
ಆ ತಾಟೆಯ ಮೈಮೇಲಿದ್ದ ಐಸು ಅವನು ತಂದದ್ದು.
ಪಿಕಪ್ಪು ನಿಲ್ಲಲಿಲ್ಲ.
ಪಟ್ಟಿ ಓಡಲಿಲ್ಲ. ಗೆರೆ ಏರಲಿಲ್ಲ.
ರಸ್ತೆ ಹೋದ ವರ್ಷವೂ ಇತ್ತು,
ರಸ್ತೆಗೆ ತೋರಿಸಲು ಹಲ್ಲಿಲ್ಲ.
ಪೆಟ್ಟಿಗೆ ಊರಿಗೆ ಕಳಿಸಲು ಬಿಸ್ಕತ್ತಿನ ಡಬ್ಬಿ ಸುತ್ತಿತು.
ಬ್ಯಾಂಡೇಜಿನ ಕೈಯಲ್ಲಿ ಐವತ್ತು ದಿರ್ಹಂ ಹಾಕಿದೆ.
ಡಬ್ಬಿ ಹಿಡಿದವನು ಕೇಳಿದ:
'ಆ ಶಾರ್ಕ್ ಎಷ್ಟು ದೊಡ್ಡದಿತ್ತು?'

ಮರುದಿನ ಅಮ್ಮ ಮತ್ತೆ.
ರಸ್ತೆಯ ವಿಷಯ ಹೇಳಲಿಲ್ಲ.
ಬೇರೆ ಕೇಳಿದೆ: ನಾನು ಹುಟ್ಟಿದಾಗ ನಿನಗೆ ಹಾಲಿಳಿಯಲಿಲ್ಲವೆಂದು
ಅಜ್ಜಿ ದಿನಾ ಕುಡಿಸಿದ್ದು ಯಾವ ಮೀನಿನ ಸಾರು?
ತುಂಬ ಹೊತ್ತು ಸುಮ್ಮನಿದ್ದಳು.
'ಮರಿ ತಾಟೆ,' ಎಂದಳು.
ಆಮೇಲೆ, ಸಣ್ಣ ದನಿಯಲ್ಲಿ:
'ಆದರೂ ನೀನು ನೀರಿಗೆ ಇಳಿಯಬೇಡ.'

ಇಳಿಯುವುದಿಲ್ಲ ಅಮ್ಮ.
ಹನ್ನೊಂದು ವರ್ಷವಾಯಿತು, ಇನ್ನೂರು ಮೀಟರ್ ಆಚೆ ಕಡಲು,
ಬೆಳಿಗ್ಗೆ ನಾಲ್ಕಕ್ಕೆ ಬರುತ್ತೇನೆ, ಕತ್ತಲಲ್ಲಿ ಹೋಗುತ್ತೇನೆ.
ಇಲ್ಲಿನ ನೀರನ್ನು ನಾನು ಮುಟ್ಟಿದ್ದು
ಮೀನಿನ ಮೈಮೇಲೆ ಮಾತ್ರ.