ಖಾಲಿ ಗಾಡಿ ತೂಕ

ಮಾಚೇನಹಳ್ಳಿ ಕಾಟಾದಲ್ಲಿ ಇಪ್ಪತ್ತಾರು ವರ್ಷದಿಂದ
ಲಾರಿ ತೂಗುವವನು ನಾನು, ಸಮಾಧಾನಪ್ಪ.
ತುಂಬಿ ಬಂದಾಗ ಒಮ್ಮೆ, ಇಳಿಸಿ ಹೋಗುವಾಗ ಒಮ್ಮೆ;
ನಡುವಿನ ವ್ಯತ್ಯಾಸಕ್ಕೆ ಮಾತ್ರ ರಸೀದಿ.

ಇಪ್ಪತ್ತು ಕಿಲೋಗಿಂತ ಸಣ್ಣದು ಯಂತ್ರಕ್ಕೆ ತಿಳಿಯದು.
ಬೇಜಾರಾದ ರಾತ್ರಿ ನಾನೇ ಹತ್ತಿ ನಿಂತರೆ
ಕೆಂಪು ಅಂಕಿಯಲ್ಲಿ ಅರವತ್ತು.
ಉಂಡು ನಿಂತರೂ ಅರವತ್ತು,
ಉಪವಾಸ ಮಾಡಿ ನಿಂತರೂ ಅರವತ್ತು.

ಒಂದು ನೋಟ್‌ಬುಕ್ ಇತ್ತು ನನ್ನಲ್ಲಿ. ಈಗಲೂ ಇದೆ.
ಎಡಗಡೆ ಪುಟದಲ್ಲಿ ಕೊಟ್ಟದ್ದು: ದಶಮಾಂಶ,
ಸಭೆಯ ಛಾವಣಿಗೆ ಹದಿನೆಂಟು ಶೀಟು,
ಅನಾಥಾಲಯಕ್ಕೆ ಕ್ರಿಸ್ಮಸ್ಸಿನ ಅಕ್ಕಿ.
ಬಲಗಡೆ ಪುಟ ತಪ್ಪುಗಳಿಗೆಂದು ಬಿಟ್ಟಿದ್ದೆ,
ನೆನಪಾದಾಗ ಬರೆಯೋಣವೆಂದು.
ಮಡಿಚಿದ ನೋಟು ಕಿಟಕಿಯೊಳಗೆ ತುರುಕಿ
"ಇನ್ನೂರು ಕಿಲೋ ನೋಡ್ಕೊಳ್ಳಿ ಸಾರ್" ಅಂದವರು ಎಷ್ಟೋ,
ಆ ಪುಟಕ್ಕೆ ಮಾತ್ರ ಶಾಯಿ ಹತ್ತಲಿಲ್ಲ.

ಅಯ್ಯನವರು ಹೇಳುತ್ತಿದ್ದರು:
ನಮ್ಮ ನೀತಿಯೆಲ್ಲ ಮೆಕ್ಯಾನಿಕ್ ಕೈ ಒರೆಸಿದ ಬನಿಯನ್ ತುಂಡು,
ಆ ದಿನ, ಮೇಲಿನ ಕಾಟಾದ ಮುಂದೆ,
ಬೇರೊಬ್ಬನ ನೀತಿ ಹೊದ್ದು ನಿಲ್ಲಬೇಕು.
ಆಮೆನ್ ಅಂದೆ, ಎಲ್ಲರಿಗಿಂತ ಚೂರು ಮುಂಚೆ.
ಮನೆಗೆ ಬಂದು ಬರೆದೆ: ಕಾಣಿಕೆ, ಐವತ್ತು.

ಈ ಸಲ ಶುಭ ಶುಕ್ರವಾರಕ್ಕೆ ಮೂರು ದಿನ ಇರುವಾಗ
ಒಬ್ಬ ಮುದುಕ ಬಂದ, ಹೆಗಲ ಮೇಲೆ ಪುಟ್ಟಬಾಳೆ ಗೊನೆ.
ರಿಪ್ಪನ್‌ಪೇಟೆ ಕಡೆಯ ಮಸ್ತಾನ್ ಸಾಬ್,
ಹಿಂದೆ ಅಕೇಶಿಯಾ ಲಾರಿ ಓಡಿಸುತ್ತಿದ್ದವನು.
"ಮಂಗನ ಕಾಯಿಲೆ ಬಂದ ವರ್ಷ
ಇದೇ ಕಬ್ಬಿಣದ ಹಾಸಿನ ಮೇಲೆ ಬಿದ್ದಿದ್ದೆ ಸ್ವಾಮಿ.
ಕ್ಲೀನರ್ ಹುಡುಗ ಓಡಿಹೋದ. ಯಾರೂ ಮುಟ್ಟಲಿಲ್ಲ.
ಕಾಟಾದವರು, ನೀವೇ ತಾನೆ, ಕಂಬಳಿ ಸುತ್ತಿ
ಲೂನಾ ಮೇಲೆ ಬೆನ್ನಿಗೆ ಕಟ್ಟಿಕೊಂಡು
ಮೆಗ್ಗಾನ್ ಆಸ್ಪತ್ರೆಗೆ ಸೇರಿಸಿದಿರಿ.
ಮುಖ ನೆನಪಿಲ್ಲ. ಬೆನ್ನು ನೆನಪಿದೆ."

ನನಗೆ ಎಲ್ಲ ನೆನಪಿತ್ತು.
ಸಂಜೆ ಆರಕ್ಕೆ ನನ್ನ ಪಾಳಿ ಮುಗಿದಿತ್ತು.
ನಡುಗುತ್ತ ಬಿದ್ದವನನ್ನು ಬಳಸಿ ನಡೆದಿದ್ದೆ,
ಕಂಕುಳಲ್ಲಿ ಸತ್ಯವೇದ, ಏಳಕ್ಕೆ ಪ್ರಾರ್ಥನೆ ಕೂಟ.
ರಾತ್ರಿ ಪಾಳಿಗೆ ಬಂದವನು ರುದ್ರೋಜಿ.
ಬಾಯಿ ತೆರೆದರೆ ಸಾರಾಯಿ ನಾತ, ಬೈಗುಳ;
ಯಾವ ಗುಡಿಯ ಮೆಟ್ಟಿಲೂ ಹತ್ತಿದವನಲ್ಲ.
ಅವನು ಸತ್ತು ಆರು ವರ್ಷ.

"ನಾನಲ್ಲ" ಎಂಬುದು ಮೂರಕ್ಷರದ ಮಾತು.
ನಾಲಿಗೆ ಅದನ್ನು ಎತ್ತಲಿಲ್ಲ.
ಗೊನೆ ಇಸಕೊಂಡೆ.
ಮಸ್ತಾನ್ ಸಾಬ್ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡ.

ಗೊನೆ ಅಡುಗೆಮನೆಯಲ್ಲಿ ಹಣ್ಣಾಗುತ್ತ ಹೋಯಿತು,
ಘಮ ಹಾಸಿಗೆಯವರೆಗೆ ಬಂತು.
ಬೇರೊಬ್ಬನ ನೀತಿ, ನನ್ನ ಹೆಸರಿಗೆ:
ಅಯ್ಯನವರು ಹೇಳಿದ್ದು ಇದನ್ನೇ ಅಲ್ಲವೇ?
ಅಲ್ಲ. ಅದು ಕೊಟ್ಟದ್ದು, ಇದು ಕದ್ದದ್ದು.
ಕೊಟ್ಟದ್ದನ್ನು ತೊಡಬೇಕಾದರೂ
ಮೈಮೇಲಿನ ಅಂಗಿ ಮೊದಲು ಬಿಚ್ಚಬೇಕಿತ್ತು;
ಇಸ್ತ್ರಿ ಮಾಡಿದ ಅಂಗಿ, ಬಿಚ್ಚಲು ಮನಸ್ಸಾಗಿರಲಿಲ್ಲ.

ಶುಕ್ರವಾರ ಆರಾಧನೆಗೆ ಗಂಟೆ ಹೊಡೆಯುವಾಗ
ಗೋಪಾಳದ ಬಸ್ಸಿನಲ್ಲಿದ್ದೆ, ಗೊನೆ ಮಡಿಲಲ್ಲಿ.
ರುದ್ರೋಜಿಯ ಹೆಂಡತಿ ಗಂಗೂಬಾಯಿ ಬಾಗಿಲು ತೆರೆದಳು.
ಎಲ್ಲ ಹೇಳಿದೆ, ಬಳಸಿ ನಡೆದದ್ದನ್ನೂ.
ಅವಳಿಗೆ ಏನೂ ಗೊತ್ತಿರಲಿಲ್ಲ.
ಬಹಳ ಹೊತ್ತು ಬಾಳೆಯ ಕಪ್ಪು ಚುಕ್ಕೆ ನೋಡುತ್ತ ಕೂತಳು.
"ಕುಡಿಯೋಕೆ ಕಂಬಳಿ ಮಾರಿದ ಅಂತ
ಸಾಯೋವರೆಗೂ ಬೈದೆ ಅಣ್ಣ.
ಒಂದಿನ ಬಾಯಿ ಬಿಡಲಿಲ್ಲ."

ಆಮೇಲೆ ಎದ್ದು, ಎರಡು ಹಣ್ಣು ಕಿತ್ತು
ನನ್ನ ಕೈಗಿಟ್ಟಳು.
ಅಂದು ನನಗೆ ಉಪವಾಸ.
ತಿಂದೆ.