ಪುಟ ಹದಿನಾಲ್ಕು

ಹೇಳಿದ್ದಳು ಅವಳು. ಎರಡು ಸಲ.
ಒಮ್ಮೆ ತುರ್ತು ವಿಭಾಗದ ಪರದೆಯ ಹಿಂದೆ,
ಮಂಜಿನಲ್ಲಿ ಜಾರಿ ಮುರಿದ ಮಣಿಕಟ್ಟನ್ನು
ಕೂಸಿನಂತೆ ಎದೆಗವಚಿಕೊಂಡು;
ಇನ್ನೊಮ್ಮೆ ಅರಿವಳಿಕೆಯ ವೈದ್ಯರಿಗೆ,
ಅವರು ಗಡಿಯಾರ ನೋಡುತ್ತಿದ್ದಾಗ.
"ಆ ಮಾತ್ರೆ ಬೇಡ. ಬಿಟ್ಟು ಎಂಟು ತಿಂಗಳು ತುಂಬಿತು."
ಬಸುರಿಯರು ಎಣಿಸುವಂತೆ ಎಣಿಸಿದ್ದಳು
ಕೆಂಡ್ರಾ ಸ್ಟಾಲ್ನೇಕರ್, ವಯಸ್ಸು ಇಪ್ಪತ್ತಾರು,
ಗಾಜಿನ ಕಾರ್ಖಾನೆ ಮುಚ್ಚಿದ ಮೇಲೂ
ಓಹಾಯೊ ನದಿಯ ದಂಡೆ ಬಿಡದ ಊರಿನವಳು.

ನನಗೆ ಗೊತ್ತು. ಅದನ್ನು ಟೈಪು ಮಾಡಿದ್ದು ನಾನು.
ಬರೆದದ್ದು ಬರೆದಲ್ಲೇ ಇತ್ತು: ಪುಟ ಹದಿನಾಲ್ಕು,
'ಸಾಮಾಜಿಕ ಹಿನ್ನೆಲೆ'ಯ ಕೆಳಗೆ,
ಒಂಟಿ ವಾಸ, ಸಿಗರೇಟು ಇಲ್ಲ,
ಒಂದು ಬೆಕ್ಕು ಇದೆ, ಇವುಗಳ ಸಂದಿಯಲ್ಲಿ.
ಮೊದಲ ಪುಟದ ನೆತ್ತಿಗೆ ಕೆಂಪಕ್ಷರದಲ್ಲಿ ಇದ್ದದ್ದು
ಪೆನಿಸಿಲಿನ್: ಮೈ ತುರಿಸುತ್ತದೆ.

ತುರಿಕೆಗೆ ಕೆಂಪು ಶಾಯಿ.
ಶುಕ್ರವಾರ ಸಂಜೆ ಮನೆಗೆ ಕಳಿಸುವ ಚೀಟಿ ಬರೆದವನು
ಬೇರೆ ಪಾಳಿಯ ಹುಡುಗ. ಕೆಟ್ಟವನಲ್ಲ.
ಮೂವತ್ತೊಂದು ರೋಗಿಗಳು, ಆರಿದ ಕಾಫಿ,
ಅವನ ಪರದೆಯ ಮೇಲೆ ತೆರೆಯುವುದು ಒಂದೇ ಪುಟ.
ನಲವತ್ತು ಮಾತ್ರೆ. ನೋವಾದಾಗ, ಆರು ಗಂಟೆಗೊಮ್ಮೆ.
ಭಾನುವಾರ ತಾಯಿ ಬೀಗ ತೆಗೆದಾಗ
ವಾಷಿಂಗ್ ಮೆಷಿನ್ನಿನಲ್ಲಿ ಬಟ್ಟೆ ಹಿಂಡಿಸಿಕೊಂಡು
ಹರವುವವರಿಗಾಗಿ ಕಾಯುತ್ತಿತ್ತು.

ಇವತ್ತು ಶಾಸನಸಭೆಯ ಸಮಿತಿ ಕೋಣೆಯಲ್ಲಿ
ಆ ತಾಯಿಗೆ, ಡೆಲ್ಫಾಗೆ, ಮೂರು ನಿಮಿಷ.
ಮೇಜಿನ ಮೇಲೊಂದು ಪುಟ್ಟ ದೀಪ: ಹಸಿರು, ಹಳದಿ, ಕೆಂಪು.
ಅವಳಿಗಿಂತ ಮುಂಚೆ ಜಿಂಕೆ ಬೇಟೆಯ ಲೈಸೆನ್ಸಿನ ಬಗ್ಗೆ
ಮಾತಾಡಿದವನಿಗೂ ಅದೇ ದೀಪ.
ಮಸೂದೆಗೆ ಮಗಳ ಹೆಸರಿಟ್ಟಿದ್ದಾರೆ.
"ಅಲರ್ಜಿ ಬರೆಯುವ ಜಾಗದಲ್ಲೇ ಬರೆಯಿರಿ" ಎನ್ನುತ್ತಾಳೆ.
"ಹೇಳಲು ಅವಳು ನಾಚಲಿಲ್ಲ.
ನಾಚಿಕೊಂಡದ್ದು ನಿಮ್ಮ ಕಾಗದ."

ನನ್ನ ಕೈ ಚಪ್ಪಾಳೆಗೆ ಎದ್ದು, ಅರ್ಧಕ್ಕೆ ನಿಂತಿತು.
ನನಗೊಬ್ಬ ತಮ್ಮನಿದ್ದಾನೆ, ವಾರ್ಡೆಲ್.
ಹನ್ನೊಂದು ವರ್ಷದ ಹಿಂದೆ ಯಾರೋ ಬರೆದರು:
ಮಾತ್ರೆಗಾಗಿ ಬರುವವನು.
ಹಣೆಯ ಬರಹವಾದರೆ ಟೋಪಿ ಎಳೆದು ಮುಚ್ಚಬಹುದು;
ಇದು ಆಸ್ಪತ್ರೆಯಿಂದ ಆಸ್ಪತ್ರೆಗೆ
ಅವನಿಗಿಂತ ಮೊದಲೇ ಹೋಗಿ ಕೂತಿರುತ್ತದೆ.
ಮೂತ್ರಪಿಂಡದ ಕಲ್ಲಿಗೆ ನೆಲದಲ್ಲಿ ಹೊರಳಿದ ರಾತ್ರಿ
ನರ್ಸು ನೋಡಿದ್ದು ಪರದೆಯನ್ನು, ಅವನನ್ನಲ್ಲ.
ಮಗಳು ಯಾರ ಪಾಲಿಗೆ ಎಂಬ ಮೊಕದ್ದಮೆಯಲ್ಲಿ
ವಕೀಲ ಅದೇ ಸಾಲನ್ನು ಗಟ್ಟಿಯಾಗಿ ಓದಿದ,
ಶನಿವಾರಗಳೂ ಹೋದವು.
ಈಗ ದವಡೆ ಊದಿದರೂ ವಾರ್ಡೆಲ್ ಡಾಕ್ಟರ ಹತ್ತಿರ ಸುಳಿಯುವುದಿಲ್ಲ.
ಬಾಯಿ ಬಿಟ್ಟರೆ ಬಣ್ಣಗೇಡು.

ಕನ್ನಡಕ ಒರೆಸುತ್ತ ಅಧ್ಯಕ್ಷರು ಕೇಳುತ್ತಾರೆ,
'ರೋಗಿ ಒಪ್ಪಿದರೆ ಮಾತ್ರ' ಎಂದು ಸೇರಿಸೋಣವೇ?
ಮೂರು ಪದ. ಯಾರಿಗೂ ಖರ್ಚಿಲ್ಲ.
ನನ್ನ ಕಿವಿಗೆ ಮಾತ್ರ, ಮಾತ್ರೆ, ಒಂದೇ ಆಗಿ ಕೇಳುತ್ತದೆ.
ಒಪ್ಪಿಗೆ ಕೇಳುವವರು ಯಾರು? ಯಾವಾಗ?
ಮೂಳೆ ಚರ್ಮ ಹರಿದು ಹೊರಗೆ ಕಾಣುವಾಗಲೇ?
ವಾರ್ಡೆಲ್ ಹೂಂ ಅನ್ನುವುದಿಲ್ಲ. ಕೆಂಡ್ರಾ ಅಂದಿದ್ದಳು.

ಬಾಗಿಲಲ್ಲಿ ಕೊಟ್ಟ ಹಾಳೆ ಇನ್ನೂ ತೊಡೆಯ ಮೇಲಿದೆ.
ಮೂರು ಚೌಕ: ಪರ. ವಿರೋಧ. ಬರೀ ಕೇಳಲು ಬಂದವರು.
ಇಪ್ಪತ್ತೆರಡು ವರ್ಷ ಬೇರೆಯವರ ಚೌಕಗಳಿಗೆ
ಗುರುತು ಹಾಕಿದ ಕೈ, ಪೆನ್ನಿನ ಮುಚ್ಚಳ ತೆಗೆಯದು.

ಕೆಂಪು ದೀಪ ಹತ್ತಿ ಎಷ್ಟೋ ಹೊತ್ತಾಗಿತ್ತು.
ಡೆಲ್ಫಾ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು,
ಚೀಲದಿಂದ ಪುದೀನ ಪೆಪ್ಪರಮೆಂಟು ತೆಗೆದು ನನಗೂ ಕೊಟ್ಟಳು.
"ನೀವು ಯಾರ ಕಡೆ?"
"ದಾಖಲೆ ವಿಭಾಗ" ಎಂದೆ.
ಅವಳು ಬಹಳ ಹೊತ್ತು ನನ್ನ ಬೆರಳುಗಳನ್ನೇ ನೋಡಿದಳು.
"ಹಾಗಾದರೆ ಬೆಕ್ಕಿನ ವಿಷಯ ಬರೆದದ್ದು ನೀವು.
ಅದೀಗ ನನ್ನ ಹತ್ತಿರ ಇದೆ.
ಏನು ಕೊಟ್ಟರೂ ತಿನ್ನುವುದಿಲ್ಲ."